ಭಾರ್ಗವಿಯ ಲೂಪ್ಸು, ತಾತನ ಅಳತೆ

ಕೊಂಡರೆ ಎಲ್ಲರಿಗಿಂತ ದೊಡ್ಡದನ್ನೇ ಕೊಳ್ಳುವುದು! ಹೀಗೆಂದು ಭಾರ್ಗವಿ ಬಂಗಾರಪೇಟೆಯ ತನ್ನ ಅಡುಗೆಮನೆಯಲ್ಲಿ, ಕೈಯಲ್ಲಿ ಸೌಟು ಹಿಡಿದೇ ಭೀಷ್ಮಪ್ರತಿಜ್ಞೆ ಮಾಡಿದಳು. ಕೊಳ್ಳಬೇಕಾಗಿದ್ದುದು ಫ್ರಿಜ್ಜಲ್ಲ, ಟಿವಿಯಲ್ಲ. ಲೂಪ್ಸ್! ಸರ್ಜರಿ ಕಲಿಯುವ ಡಾಕ್ಟರು ಕೂದಲೆಳೆಯಂಥ ನೂಲಿನಲ್ಲಿ ರಕ್ತನಾಳ ಹೊಲಿಯುವಾಗ ಮೂಗಿಗೇರಿಸುವ ಕನ್ನಡಕ. ಗಾಜಿನೊಳಗಿಂದ ಎರಡು ಪುಟ್ಟ ದುರ್ಬೀನು ಹೊರಗೆ ಇಣುಕುತ್ತಿರುತ್ತವೆ, ಅವುಗಳ ನಡುವೆ ಒಂದು ದೀಪ.

“ದೊಡ್ಡದು ಅಂದ್ರೆ ಎಷ್ಟು?” ಎಂದ ಗಂಡ ಶಶಿಧರ. ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಎಲ್ಲಕ್ಕೂ ವಿವರಣೆ ಬೇಕು.

“ಎರಡೂವರೆ ಪಟ್ಟು ದೊಡ್ಡದಾಗಿ ತೋರಿಸೋದೂ ಇದೆ, ಐದು ಪಟ್ಟಿನದೂ ಇದೆ. ನನಗೆ ಐದು!”

“ನಿಮ್ಮ ಕಲ್ಪನಾ ಮೇಡಂ ಎರಡೂವರೆ ಸಾಕು ಅಂದಿದ್ರಲ್ಲ? ಪಟ್ಟು ಜಾಸ್ತಿಯಾದಷ್ಟೂ ಕಾಣೋ ಜಾಗ ಕಮ್ಮಿ ಅಂತ?”

“ಅದೆಲ್ಲ ಎಂಎಸ್ ಓದೋ ಮಾಮೂಲಿ ಪಿಜಿಗಳಿಗೆ ಕಣ್ರೀ!”

ಹೆಂಡತಿಯ ಅವಸರ ಶಶಿಧರನಿಗೂ ಗೊತ್ತಿತ್ತು. “ನಿನ್ನದೇ ಲೂಪ್ಸ್ ಹಾಕ್ಕೊಂಡು ಬಾ, ಮುಂದಿನ ಫಿಸ್ಟುಲಾ ನಿನ್ನದು” ಎಂದು ಯೂನಿಟ್ಟಿನ ಮುಖ್ಯಸ್ಥೆ ಕಲ್ಪನಾ ಮೇಡಂ ಮಾತು ಕೊಟ್ಟಿದ್ದರು. ಡಯಾಲಿಸಿಸ್ ಬೇಕಾದವರ ಮುಂಗೈಯಲ್ಲಿ ಎರಡು ರಕ್ತನಾಳಗಳನ್ನು ಸೇರಿಸಿ ಹೊಲಿಯುವ ಆಪರೇಷನ್ ಅದು. ಇಷ್ಟು ಕಾಲವೂ ಭಾರ್ಗವಿ ಪಕ್ಕದಲ್ಲಿ ನಿಂತು ಚರ್ಮ ಎಳೆದು ಹಿಡಿದದ್ದೇ ಬಂತು. ಈಗ ಚಾಕು ತನ್ನ ಕೈಗೆ ಬರಲಿದೆ!

ಲೂಪ್ಸ್ ಕಂಪನಿಯವನು ದೀಪ ಸಿಕ್ಕಿಸಿದ ಒಂದು ಖಾಲಿ ಫ್ರೇಮು ಕಳಿಸಿ, ಫೋನಿನಲ್ಲಿ ಒಂದೇ ಎಚ್ಚರಿಕೆ ಹೇಳಿದ್ದ. “ನೀವು ಕೆಲಸ ಮಾಡೋ ಭಂಗಿಯಲ್ಲೇ ನಿಂತು, ಕಣ್ಣಿಂದ ಕೈಗೆ ಎಷ್ಟು ದೂರ ಅಂತ ಅಳೆಸಿ ಮೇಡಂ. ಪಕ್ಕದಿಂದ ಒಂದು ಫೋಟೋನೂ ಕಳಿಸಿ. ಆ ಅಳತೆಗೇ ಗಾಜು ಕೂರಿಸ್ತೀವಿ, ಆಮೇಲೆ ಬದಲಾಯಿಸೋಕಾಗಲ್ಲ.”

“ಅಳತೆ ಅಂದ್ರೆ ನಮ್ಮ ತಾತ!” ಎಂದು ಭಾರ್ಗವಿ ಭಾನುವಾರವೇ ಗಂಡನನ್ನು ಹೊರಡಿಸಿಕೊಂಡು ಉರಿಗಾಮಿಗೆ ನಡೆದಳು. ತಾತ ಸುಬ್ಬರಾಯಪ್ಪ ಅಲ್ಲಿನ ಚಿನ್ನದ ಗಣಿ ಮೈಸೂರು ಮೈನ್ಸಿನಲ್ಲಿ ಸುರಂಗದ ಮೇಲ್ಛಾವಣಿಗೆ ಮರದ ಆಸರೆ ಕೊಡುತ್ತಿದ್ದವನು. ಅವನ ಅಳತೆ ಒಂದು ಬೆರಳು ತಪ್ಪಿದ್ದರೂ ಬೆಟ್ಟ ತಲೆಯ ಮೇಲೆ ಕೂರುತ್ತಿತ್ತು.

ಫ್ರೇಮಿನ ದೀಪ ಕಂಡದ್ದೇ ತಡ, ಮುದುಕನಿಗೆ ಹರೆಯ ಬಂತು.

“ಅಯ್ಯೋ, ನಮ್ ಲ್ಯಾಂಪು ಕಣಮ್ಮ ಇದು! ಏಟು ಅಗುರಾಗದೆ! ನಮ್ ಕಾಲ್ದಾಗೆ ಸೊಂಟಕ್ಕೆ ಬ್ಯಾಟ್ರಿ ಕಟ್ಟುದ್ರೆ ಕುರಿಮರಿ ಒತ್ಕಂಡಂಗಿರೋದು.”

ತಾನೇ ಹಣೆಗೇರಿಸಿಕೊಂಡು ಕತ್ತಲ ಕೋಣೆಗೆ ಹೋದವನು ಎಷ್ಟು ಕರೆದರೂ ಹೊರಗೆ ಬರಲಿಲ್ಲ. ಒಳಗೆ ಗೋಡೆ ಸವರಿಕೊಂಡು ಯಾರ್ಯಾರದೋ ಹೆಸರು ಹೇಳುತ್ತಿದ್ದ, ಎಲ್ಲ ಅವನ ಪಾಳಿಯವರು. ಅಜ್ಜಿ ದ್ಯಾವಮ್ಮ ಸೆರಗಿನಿಂದ ಮೂಗೊರೆಸಿಕೊಂಡಳು. ಒಂದು ಕಾಲದಲ್ಲಿ ಗಣಿಯ ಸೈರನ್ ಕೂಗಿದರೆ ಇಡೀ ಉರಿಗಾಂ ಒಲೆ ಹಚ್ಚುತ್ತಿತ್ತು, ಮಕ್ಕಳು ಮುಖ ತೊಳೆಯುತ್ತಿದ್ದವು, ಜಗಳಗಳು ಕೂಡ ನಿಲ್ಲುತ್ತಿದ್ದವು. ಅದು ನಿಂತ ಮೇಲೆ ಗಡಿಯಾರ ನೋಡಿ ಹಸಿಯುವ ದುರ್ಗತಿ ಬಂತಪ್ಪ!

ಕೊನೆಗೂ ಅಳತೆ ಶುರುವಾಯಿತು. ಮೇಜಿನ ಮೇಲೆ ರೋಗಿಯ ಸ್ಥಾನದಲ್ಲಿ ಕೋಳಿಯ ಕಾಲು. ಭಾರ್ಗವಿ ಸೂಜಿ ಹಿಡಿದು, ದೀಪ ಹೊತ್ತಿಸಿ, ಸೈನಿಕನಂತೆ ನೆಟ್ಟಗೆ ನಿಂತಳು. ತಾತ ಟೇಪು ಬಿಚ್ಚಿ ಎದುರಿಗೆ ಬಂದ.

“ತಗ್ಸು! ತಲೆ ತಗ್ಸು! ಮೊಕಕ್ಕೆ ಬೆಳಕು ಬಿಡ್ತಾರೇನಮ್ಮ? ಎದ್ರುಗಿರೋನ್ಗೆ ಕಣ್ಣು ಕತ್ಲೆ ಬಂದು ಗುಂಡಿಗೆ ಬಿದ್ಬುಟ್ರೆ?”

ಗಣಿಯೊಳಗಿನ ಮೊದಲ ಮರ್ಯಾದೆಯೇ ಅದು. ಯಾರಾದರೂ ಎದುರಾದರೆ ತಲೆ ತಗ್ಗಿಸಬೇಕು, ದೀಪ ನೆಲ ನೋಡಬೇಕು. ಗಣಿ ಮುಚ್ಚಿದಾಗ ಭಾರ್ಗವಿ ಇನ್ನೂ ಅಂಗನವಾಡಿಯಲ್ಲಿದ್ದಳು; ತಾತ ಮಾತ್ರ ಇವತ್ತಿಗೂ ಯಾರೊಡನೆ ಮಾತಾಡಿದರೂ ನೆಲ ನೋಡಿಯೇ ಮಾತಾಡುತ್ತಾನೆ. ಬೀದಿಯವರು ನಾಚಿಕೆ ಸ್ವಭಾವ ಎಂದುಕೊಂಡಿದ್ದಾರೆ. ಭಾರ್ಗವಿಯ ಮದುವೆಯ ಆಲ್ಬಮ್ಮಿನಲ್ಲಂತೂ ತಾತನ ಮುಖವೇ ಇಲ್ಲ, ಬರೀ ಪೇಟ!

“ಇನ್ನೊಸಿ ತಗ್ಸಮ್ಮ... ಆಂ... ಇನ್ನೂ...”

ಭಾರ್ಗವಿಯ ಗಲ್ಲ ಎದೆಗೆ ತಾಗಿತು.

“ಆಸ್ಪತ್ರೇಲಿ ನೀನು ಹೀಗೇ ನಿಂತಿರ್ತೀಯಾ?” ಎಂದ ಶಶಿಧರ.

“ಬೆಟ್ಟ ನಿಲ್ಲಿಸಿದ ಕೈಗೆ ಪಾಠ ಹೇಳ್ತೀರಾ? ಸುಮ್ನೆ ಫೋಟೋ ತೆಗೀರಿ!”

ತೆಗೆದ. ತಾತನ ಅಳತೆಯ ಜೊತೆ ಅದು ಕಂಪನಿಗೂ ಹೋಯಿತು. ಭಾರ್ಗವಿ ಹೊಲಿಗೆ ಹಾಕಿದ ಕೋಳಿಯ ಕಾಲನ್ನು ದ್ಯಾವಮ್ಮ ಹಾಗೇ ಸಾರಿಗೆ ಬಿಟ್ಟಳು. ಊಟದ ಹೊತ್ತಿಗೆ ಶಶಿಧರನ ಹಲ್ಲಿಗೆ ನೀಲಿ ನೂಲು ಸಿಕ್ಕಿಕೊಂಡಿತು. ಅಳಿಯನಾದವನು ಏನು ಹೇಳಿಯಾನು, ನುಂಗಿದ.

ಲೂಪ್ಸ್ ಬಂತು. ಫಿಸ್ಟುಲಾದ ದಿನವೂ ಬಂತು. ಡಬ್ಬಿ ಒಡೆಯುವ ಮುಹೂರ್ತ ಥಿಯೇಟರಿನಲ್ಲೇ ಆಗಲಿ ಎಂದು ಭಾರ್ಗವಿ ಅದನ್ನು ಮನೆಯಲ್ಲಿ ಹಾಕಿಯೂ ನೋಡಿರಲಿಲ್ಲ!

ರೋಗಿ ಬೂದಿಕೋಟೆಯ ಜಯರಾಮಪ್ಪ, ವಯಸ್ಸಾದವರು. ಇಂಜೆಕ್ಷನ್ನಿಗೆ ಮರಗಟ್ಟಿದ್ದುದು ಮುಂಗೈ ಮಾತ್ರ, ಬಾಯಿ ಪೂರಾ ಎಚ್ಚರ.

“ದೊಡ್ಡ ಮೇಡಮ್ಮೇ ಕುಯ್ಲಿ. ಈ ಮಗ ಇನ್ನೂ ಎಳೇದು, ಬ್ಯಾಡ” ಎಂದು ಬೆಳಗಿನಿಂದ ಒಂದೇ ರಾಗ.

ಭಾರ್ಗವಿ ಜಗದೇಕವೀರಳಂತೆ ನಿಂತು ಕಣ್ಣು ಹಾಯಿಸಿದಳು. ಎಲ್ಲಿದೆ ಕೈ? ಬರೀ ಮಂಜು! ಬಗ್ಗಿದಳು, ಸ್ವಲ್ಪ ತಿಳಿಯಾಯಿತು. ಗಲ್ಲ ಎದೆಗೆ ತಾಗುವಷ್ಟು ಬಗ್ಗಿದಳು, ಆಹಾ, ರಕ್ತನಾಳ ನೀರಿನ ಪೈಪಿನಷ್ಟು ಸ್ಪಷ್ಟ! ಅಷ್ಟರಲ್ಲಿ ಅವಳ ಹಣೆ ಎದುರಿಗಿದ್ದ ಕಲ್ಪನಾ ಮೇಡಂ ಹಣೆಗೆ ಟಣ್ ಎಂದು ಬಡಿಯಿತು.

“ಏನಮ್ಮಾ, ಕೈ ಹೊಲಿಯೋಕೆ ಬಂದ್ಯೋ, ಟಗರು ಕಾಳಗಕ್ಕೆ ಬಂದ್ಯೋ?”

“ನೆಟ್ಟಗೆ ನಿಂತ್ರೆ ಏನೂ ಕಾಣ್ತಿಲ್ಲ ಮೇಡಂ...”

ಪರದೆಯ ಆಚೆಯಿಂದ ಜಯರಾಮಪ್ಪ ಕೂಗಿಕೊಂಡರು. “ಕಣ್ಣೇ ಕಾಣಾಕಿಲ್ವಂತೆ! ನನ್ನ ಬುಟ್ಬುಡ್ರಪ್ಪಾ! ನಾನ್ ಊರಿಗೆ ಓಯ್ತೀನಿ!” ಎಂದು ಏಳಲು ಹೊರಟೇಬಿಟ್ಟರು.

ಮೇಡಂ ಹಲ್ಲು ಕಡಿದರು. “ಅದನ್ನ ತೆಗಿ, ಆಸ್ಪತ್ರೆಯ ಹಳೇ ಎರಡೂವರೆ ಹಾಕ್ಕೋ. ಅದಕ್ಕೆ ಮುಂಚೆ ಅವರನ್ನ ಮಲಗಿಸು. ಅವರು ಒಪ್ಪದಿದ್ರೆ ಕೇಸು ನಂದು.”

ಭಾರ್ಗವಿಗೆ ಅಳುವೇ ಬಂತು. ಕಾದು ಕಾದು ಕೈಗೆ ಬಂದದ್ದು ಹೀಗಾ ಹೋಗುವುದು? ದೀಪ ಉರಿಯುತ್ತಿದ್ದ ಹಾಗೇ ಪರದೆಯ ಆಚೆ ಹೋಗಿ ಜಯರಾಮಪ್ಪನವರ ಎದುರು ನಿಂತಳು. ನಿಂತದ್ದೇ, ಕತ್ತು ತಂತಾನೇ ಬಾಗಿತು. ಬೆಳಕು ಅವರ ಮುಖ ಬಿಟ್ಟು ನೆಲಕ್ಕೆ ಬಿತ್ತು.

“ತಾತಾ, ಗಾಬರಿ ಮಾಡ್ಕೋಬೇಡಿ...”

ಮುದುಕ ನೆಲಕ್ಕೆ ಬಿದ್ದ ಬೆಳಕನ್ನು ನೋಡಿದರು. ಅವಳನ್ನೇ ನೋಡಿದರು.

“ನಿಮ್ದು ಯಾವ ಶಾಫ್ಟಮ್ಮ?”

“ಆಂ?”

“ಬೆಳಗ್ಗಿಂದ ಬಂದೋರೆಲ್ಲ ನನ್ ಕಣ್ಣಿಗೇ ಬಿಟ್ರು ದೀಪಾನ. ನೀನೊಬ್ಳೇ ತಗ್ಸಿದ್ದು. ನಾನೂ ಗಣಿ ಕೆಳಗಡೆ ಕೆಲ್ಸ ಮಾಡ್ದೋನು. ನಿಮ್ಮೋರು ಇಳೀತಿದ್ದಿದ್ದು ಯಾವ ಶಾಫ್ಟು?”

“ನಮ್ಮ ತಾತ... ಮೈಸೂರು ಮೈನ್ಸ್. ಮರ ಕೊಡೋ ಕೆಲಸ.”

“ಮರ ಕೊಡೋರ ಮನೆ ಮಗೂನಾ!” ಎಂದರು ಜಯರಾಮಪ್ಪ. “ಅವ್ರು ಕೊಟ್ಟ ಮರದ ಕೆಳಗೇ ಕಣಮ್ಮ ನಾವು ಬದುಕಿ ಬಂದಿದ್ದು.”

ಹಾಗೇ ಒರಗಿ ಕೈ ಚಾಚಿದರು. ಭಾರ್ಗವಿಯ ಕಣ್ಣು ತುಂಬಿ ಬಂದು ಐದು ಪಟ್ಟಿನ ಗಾಜು ಈಗ ನಿಜಕ್ಕೂ ಮಂಜಾಯಿತು. ನರ್ಸು ಅದನ್ನು ತೆಗೆದು, ಕಿವಿಯ ಕಡ್ಡಿಗೆ ಬ್ಯಾಂಡೇಜು ಸುತ್ತಿದ ಹಳೆಯ ಎರಡೂವರೆಯನ್ನು ಏರಿಸಿದಳು. ಅದರಲ್ಲಿ ಕೈ, ಸೂಜಿ, ನೂಲು ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ ತಣ್ಣಗೆ ಕಂಡವು. ಹೊಲಿಗೆ ಮುಗಿದು ಬೆರಳಿಟ್ಟಾಗ ಚರ್ಮದಡಿ ರಕ್ತ ಗುಂಯ್ ಎಂದು ಹರಿಯುತ್ತಿತ್ತು. ಮೇಡಂ ಕೂಡ ಮುಟ್ಟಿ ನೋಡಿ ತಲೆದೂಗಿದರು.

“ಏನ್ ಯಜಮಾನ್ರೇ, ಬಹಳ ಹೆದರಿಬಿಟ್ಟಿದ್ರಲ್ಲ?”

“ಎದರ್ದೆ ಏನ್ ಮಾಡ್ಲಿ ತಾಯಿ!” ಎಂದು ಜಯರಾಮಪ್ಪ ಭಾರ್ಗವಿಯ ಕಡೆ ಬೆರಳು ತೋರಿಸಿದರು. “ಎಂಬಿಬಿಎಸ್ಸು ಓದವ್ಳೆ, ಎಂಎಸ್ಸು ಓದ್ತಾವ್ಳೆ ಅಂತ ಇಲ್ದಿದ್ದೆಲ್ಲ ಏಳಿ ನನ್ ಜೀವ ತಗುದ್ರಿ. ಮೈಸೂರು ಮೈನ್ಸ್ ಉಡುಗಿ ಅಂತ ಮದ್ಲೇ ಏಳಿದ್ರೆ ಎರಡು ಕೈನೂ ಕೊಡ್ತಿದ್ದೆ!”