ಖಾರ ತಿನ್ನದ ಆಚಾರಿಯ ಡಬ್ಬಿ

ಅಡಿಗೆ ಮಾಡುವವನ ಹೊಟ್ಟೆ ಕೆಡಬಾರದು, ಕೆಟ್ಟರೂ ಊರಿಗೆ ಗೊತ್ತಾಗಬಾರದು. ನನ್ನ ವಿಷಯದಲ್ಲಿ ಎರಡೂ ಆಗಿರುವುದರಿಂದ ಒಂದಿಲ್ಲೊಂದು ಪ್ರಸಂಗ ಇಂದಿಗೂ ನಡೆಯುತ್ತಲೇ ಇರುತ್ತದೆ.

ನಾನು ಗಡಿಯಾಚೆಯ, ಮಳೆ ಕಾಣದ ಜತ್ತ ತಾಲೂಕಿನವನು. ಮದುವೆ, ಬಸುರಿಗೆ ಮಾಡುವ ಕುಬ್ಬಸ, ವಾಸ್ತುಶಾಂತಿ ಎಂದು ಊರೂರು ತಿರುಗಿ ಅಡಿಗೆ ಮಾಡುವುದು ನನ್ನ ಉದ್ಯೋಗ. ಇಂಥವನಿಗೆ ಮರಾಠಿ ಮಂದಿಯ ಹಾಗೆ ನಾವೂ ಆಚಾರಿ ಅನ್ನುತ್ತೇವೆ. ಕೆಲವು ವರ್ಷಗಳ ಹಿಂದೆ ಹೊಟ್ಟೆನೋವು ಶುರುವಾಯಿತು. ಮೇಲಿಂದ ಮೇಲೆ ಚೆರಿಗೆ ಹಿಡಿದು ಓಡುವುದು, ರಕ್ತ ಬೀಳುವುದು. ಮೈಯೆಲ್ಲ ಸೊರಗಿ ಮಿರಜದ ದವಾಖಾನೆಗೆ ಹೋದಾಗ ದೊಡ್ಡ ಕರುಳಿನ ಒಳಗೆ ಉರಿಯೂತ, ಹುಣ್ಣು, ಇದರ ಹೆಸರು ಕೋಲೈಟಿಸ್ ಎಂದರು. ಬೇರುಸಹಿತ ಹೋಗುವ ರೋಗವಲ್ಲವಂತೆ, ಹದ್ದುಬಸ್ತಿನಲ್ಲಿ ಇಟ್ಟುಕೊಳ್ಳಬೇಕಾದ ರೋಗ.

ಪಥ್ಯ

ಮಿರಜದ ಡಾಕ್ಟರರಿಗೆ ನಮ್ಮ ಕನ್ನಡ ಚೆನ್ನಾಗಿ ಬರುತ್ತದೆ. ಬೆರಳು ಮಡಚುತ್ತ ಹೇಳಿದರು: "ಕೆಂಪ ಖಾರ ಬ್ಯಾಡ. ಹಸಿ ಮೆಣಸಿನಕಾಯಿ ಬ್ಯಾಡ. ಎಣ್ಣ್ಯಾಗ ಕರದದ್ದ ಬ್ಯಾಡ. ಹಸಿ ಉಳ್ಳಾಗಡ್ಡಿ, ಶೇಂಗಾ ಸದ್ಯಕ್ಕ ಬ್ಯಾಡ. ಮೆತ್ತಗ ಕುದಿಸಿದ ಅನ್ನ, ಹೆಸರಬ್ಯಾಳಿ, ಸಿಪ್ಪಿ ತಗದ ಸೋರಿಕಾಯಿ, ಬಾಳಿಹಣ್ಣ ತಿನ್ರಿ. ಗುಳಿಗಿ ಮಾತ್ರ ಒಂದ ದಿನಾನೂ ತಪ್ಪಸಬ್ಯಾಡ್ರಿ."

ನಾನು ತಲೆ ಅಲ್ಲಾಡಿಸಿದೆ.

"ಉದ್ಯೋಗ ಏನ ಮಾಡತೀರಿ?"

"ಮದುವಿ ಅಡಿಗಿ ಮಾಡತೀನ್ರಿ."

"ಏನೇನ ಮಾಡತೀರಿ?"

"ಬದನಿಕಾಯಿ ಎಣ್ಣಿಗಾಯಿ, ಶೇಂಗಾ ಚಟ್ನಿ, ಮಿರ್ಚಿ ಭಜಿ..."

ಡಾಕ್ಟರರು ಪೆನ್ನು ಕೆಳಗಿಟ್ಟರು. "ಅಂದ್ರ ನಾ ಏನೇನ ಬ್ಯಾಡ ಅಂದೆ, ಅದನ್ನೆಲ್ಲಾ ನೀವ ಮಾಡಿ ಮಂದಿಗೆ ಹಾಕತೀರಿ."

"ಹೌದ್ರಿ. ಚಲೋ ಮಾಡತೀನಿ ಅಂತಾರ ಮಂದಿ."

ಚೀಟಿ ತಗೊಂಡು ಬಾಗಿಲ ತನಕ ಹೋಗಿದ್ದೆ. ಹಿಂದಿನಿಂದ ಕರೆದರು. ಯಾವುದೋ ಗುಳಿಗೆ ಬರೆಯುವುದು ಮರೆತಿರಬೇಕು ಎಂದುಕೊಂಡು ಮರಳಿ ಬಂದೆ.

"ನಿಮ್ಮ ನಂಬರ ಕೊಟ್ಟ ಹೋಗ್ರಿ. ಮುಂದಿನ ತಿಂಗಳ ನಮ್ಮ ಮನಿ ವಾಸ್ತುಶಾಂತಿ ಐತಿ. ಚಲೋ ಎಣ್ಣಿಗಾಯಿ ಮಾಡವ್ರ ಯಾರೂ ಸಿಗವಲ್ರು."

ಬಿಸಿಲಿನ ಕೊರತೆ

ರೋಗ ಬಂದ ಮೇಲೆ ನನಗಿದ್ದ ಭಯ ಒಂದೇ. ಆಚಾರಿ ತಾನು ಮಾಡಿದ್ದನ್ನು ತಾನೇ ಉಣ್ಣುವುದಿಲ್ಲ ಎಂದು ತಿಳಿದರೆ ಯಾರು ಕೆಲಸಕ್ಕೆ ಕರೆಯುತ್ತಾರೆ? ಹಾಗಾಗಿ ನಾನು, ನನ್ನ ಹೆಂಡತಿ ಈ ಸುದ್ದಿಯನ್ನು ಮನೆಯ ಹೊಸ್ತಿಲು ದಾಟಿಸಬಾರದು ಎಂದು ಗಟ್ಟಿ ಮಾಡಿದೆವು.

ರಕ್ತ ತಪಾಸಣೆ ಮಾಡಿದಾಗ ಕಬ್ಬಿಣದ ಅಂಶ ಕಡಿಮೆ, ವಿಟಮಿನ್ ಡಿ ಕಡಿಮೆ ಎಂದು ಬಂದಿತ್ತು. ಕಬ್ಬಿಣದ ಗುಳಿಗೆ ದಿನಾಲೂ, ಡಿ ಪುಡಿ ವಾರಕ್ಕೊಮ್ಮೆ. ಡಿ ಅನ್ನುವುದು ಬಿಸಿಲಿನಿಂದ ಮೈಗೆ ಸಿಗುವಂಥದ್ದು ಎಂದು ಡಾಕ್ಟರರು ತಿಳಿಸಿ ಹೇಳಿದ್ದರು. ಊರಿನ ಔಷಧದಂಗಡಿಯಲ್ಲಿ ಆ ಪುಡಿ ತಗೊಳ್ಳುವಾಗ ನಮ್ಮ ಓಣಿಯ ಹಿರಿಯರೊಬ್ಬರು ಪಕ್ಕದಲ್ಲಿಯೇ ನಿಂತಿದ್ದರು.

"ಇದ್ಯಾತಕ ತಮ್ಮಾ?"

ಕರುಳಿನ ಮಾತು ಎತ್ತುವ ಹಾಗಿರಲಿಲ್ಲ. "ಮೈಯಾಗ ಬಿಸಿಲ ಕಡಿಮಿ ಆಗೇತಂತ್ರಿ ಕಾಕಾ" ಅಂದೆ.

ಕಾಕಾ ಹೊರಗೆ ನೋಡಿದರು. ಬೇಸಿಗೆಯ ಮಟಮಟ ಮಧ್ಯಾಹ್ನ. ರಸ್ತೆಯಲ್ಲಿ ಒಂದು ನಾಯಿಯೂ ಇರಲಿಲ್ಲ.

"ಜತ್ತ ತಾಲೂಕಿನಾಗ?"

"ಹೂಂರಿ."

"ಬಿಸಿಲ ಕಡಿಮಿ?"

"ಮುಂಜಾನಿಂದ ಸಂಜಿತನಕ ಮಂಡಪದ ನೆಳ್ಳಾಗ ಒಲಿ ಮುಂದ ಕುಂತಿರ್ತೀನಲ್ರಿ."

ಕಾಕಾ ಅಂಗಡಿಯವನ ಕಡೆ ಒಮ್ಮೆ ನೋಡಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಹೇಳಿದರು: "ಈ ಮಾತ ಯಾರ ಮುಂದೂ ಆಡಬ್ಯಾಡ. ನಮ್ಮ ಕಡಿ ಮಳಿ ಇಲ್ಲ, ನೀರಿಲ್ಲ ಅಂತ ಅರ್ಜಿ ಕೊಟ್ಟ ಕೊಟ್ಟ ಚಪ್ಪಲ ಸವದಾವು. ಈಗ ಬಿಸಿಲೂ ಇಲ್ಲ ಅಂದ್ರ, ಹಿಂದ ಕೊಟ್ಟ ಅರ್ಜಿ ಎಲ್ಲಾ ಸುಳ್ಳ ಅಂತಾರ ಸಾಹೇಬ್ರು."

ಪಂಚಮಿ ಉಂಡಿ

ನನ್ನ ಹೆಂಡತಿಯ ತಮ್ಮ ವಿಜಯಪುರದಲ್ಲಿ ಇರುತ್ತಾನೆ. ಯಾವುದೋ ಶಕ್ತಿಯ ಪುಡಿ ಮಾರುತ್ತಾನೆ. ಮನೆಯವನಾದ್ದರಿಂದ ಅವನಿಗೆ ರೋಗದ ಸುದ್ದಿ ಗೊತ್ತಿತ್ತು. ಒಂದು ದಿನ ದೊಡ್ಡ ಪುಡಿ ಪಾಕೀಟು ತಂದು ನನ್ನ ಮುಂದಿಟ್ಟ.

"ಮಾಮಾ, ಇದೊಂದ ಚಮಚಾ ಹಾಲಾಗ ಹಾಕ್ಕೊಂಡ ಕುಡೀರಿ. ನಿಮಗ ಹೊಟ್ಟಿ ಅನ್ನೂದ ಐತಿ ಅನ್ನೂದ ಮರತ ಹೋಗತದ. ಆ ಮಿರಜದ ಗುಳಿಗಿ ಎಲ್ಲಾ ಒಗದ ಬಿಡ್ರಿ."

ನಾನು ಪಾಕೀಟಿನ ಫೋಟೊ ತೆಗೆದು ಡಾಕ್ಟರರಿಗೆ ತೋರಿಸಿದೆ. "ಗುಳಿಗಿ ಒಗದ್ರ ಮತ್ತ ನನ್ನ ಕಡೇನ ಬರ್ತೀರಿ. ಇದ್ರಾಗ ಏನೇನ ಐತಿ ಅನ್ನೂದ ಮಾರವ್ರಿಗೂ ಗೊತ್ತಿರಂಗಿಲ್ಲ" ಅಂದರು. ಪಾಕೀಟು ಗೋಡೆಯಲ್ಲಿನ ಮಾಡ ಸೇರಿತು. ತಮ್ಮ ಕೊಟ್ಟದ್ದನ್ನು ತಿಪ್ಪೆಗೆ ಹಾಕಲು ನನ್ನ ಹೆಂಡತಿಗೆ ಮನಸ್ಸಿಲ್ಲ, ಗಂಡನಿಗೆ ಹಾಕಲು ಧೈರ್ಯವಿಲ್ಲ.

ನಾಗರ ಪಂಚಮಿಗೆ ಅಕ್ಕನನ್ನು ತವರಿಗೆ ಕರೆಯಲು ತಮ್ಮ ಬಂದ. ತಂಬಿಟ್ಟಿನ ಉಂಡಿ ಎಂದರೆ ಅವನಿಗೆ ಜೀವ. ತಟ್ಟೆಯಲ್ಲಿ ಇದ್ದಷ್ಟೂ ತಿಂದ, ಅಕ್ಕ ಮತ್ತೆ ಹಾಕಿದಳು, ಅವನ್ನೂ ತಿಂದ. ಮರುದಿನ ಬೆಳಗಾಗುವ ಹೊತ್ತಿಗೆ ನನ್ನ ಚೆರಿಗೆ ನನಗೆ ಸಿಗಲಿಲ್ಲ. ಅದು ಅವನ ಕೈಯಲ್ಲಿತ್ತು.

"ಅಕ್ಕಾ, ಆ ಉಂಡ್ಯಾಗ ಏನ ಹಾಕಿದ್ದಿ?"

"ನಿನ್ನ ಪುಡೀನ ಹಾಕೇನಿ. ಕೆಡತದಂತ ಎಲ್ಲಾ ಹಾಕಿ ಮುಗಿಸೇನಿ. ಹೊಟ್ಟಿ ಮರತ ಹೋಗತದಂತ ನೀನ ಹೇಳಿದ್ಯಲ್ಲ."

ಅವನು ಮತ್ತೊಂದು ಸಲ ಹೋಗಿ ಬಂದು, ಗೋಡೆಗೆ ಒರಗಿ ಕುಳಿತು ನನ್ನನ್ನು ಕೇಳಿದ: "ಮಾಮಾ, ಆ ಮಿರಜದ ಡಾಕ್ಟರ ಮುಂಜಾನಿ ಎಷ್ಟಕ್ಕ ಬರ್ತಾರ?"

ಉಪ್ಪು

ಖಾರ ನಾಲಿಗೆಗೆ ಮುಟ್ಟಿಸದೆ ಅಡಿಗೆ ಮಾಡುವುದು ಹೇಗೆ? ಕಣ್ಣಳತೆ ನನಗೆ ಇದೆ, ಆದರೆ ಉಪ್ಪು ಕಣ್ಣಿಗೆ ಕಾಣುವ ವಸ್ತುವಲ್ಲ. ಅದಕ್ಕೇ ರೊಟ್ಟಿ ಬಡಿಯುವ ಹೆಂಗಸರ ಜೊತೆ ಹೆಂಡತಿಯನ್ನೂ ಕರೆದೊಯ್ಯತೊಡಗಿದೆ. ಅವಳು ಬಂದು ರುಚಿ ನೋಡುತ್ತಾಳೆ. ಸೆರಗು ಸರಿಪಡಿಸಿಕೊಂಡರೆ ಉಪ್ಪು ಬೇಕು ಎಂದರ್ಥ, ಸುಮ್ಮನೆ ಹೋದರೆ ಸರಿ ಇದೆ ಎಂದರ್ಥ. ಈ ಏರ್ಪಾಡು ಚೆನ್ನಾಗಿಯೇ ನಡೆದಿತ್ತು.

ಒಂದು ಕುಬ್ಬಸದ ದಿನ ಮನೆಯಿಂದ ಹೊರಡುವಾಗಲೇ ನಮ್ಮಿಬ್ಬರಿಗೆ ಜಗಳವಾಯಿತು. ದಾರಿಯುದ್ದಕ್ಕೂ ಮಾತಿಲ್ಲ. ಅಲ್ಲಿ ಬಂದು ಸಾರಿನ ರುಚಿ ನೋಡಿದಳು, ಸುಮ್ಮನೆ ಹೋದಳು. ಸರಿ ಇದೆ ಎಂದು ಬಡಿಸಲು ಹೇಳಿದೆ. ಮೊದಲ ಪಂಗತಿಯಲ್ಲಿಯೇ ಮನೆಯ ಯಜಮಾನರು ಓಡಿ ಬಂದರು.

"ಆಚಾರೇರ, ಸಾರಿಗೆ ಉಪ್ಪ ಹಾಕೂದ ಮರತೀರಿ."

ನಾನು ಹೆಂಡತಿಯ ಕಡೆ ನೋಡಿದೆ. ಅವಳು ರೊಟ್ಟಿ ಬಡಿಯುತ್ತಲೇ ಪಕ್ಕದವಳಿಗೆ ಹೇಳಿದಳು: "ನಾ ಮಾತ ಬಿಟ್ಟೇನಿ. ಸೆರಗ ಯಾಕ ಮುಟ್ಟಲಿ?"

ಅಂದಿನಿಂದ ನಮ್ಮ ಮನೆಯಲ್ಲಿ ಏನೇ ಜಗಳವಿದ್ದರೂ ಕೊನೆಯ ಪಂಗತಿ ಎದ್ದ ಮೇಲೆ.

ಮಂಗಳವಾರದ ಸೋಮವಾರ

ನನ್ನ ಊಟ ಒಂದು ಸ್ಟೀಲಿನ ಡಬ್ಬಿಯಲ್ಲಿ ಇರುತ್ತದೆ. ಅದರಲ್ಲಿ ಅನ್ನ, ಹೆಸರುಬೇಳೆ, ಸೋರೆಕಾಯಿ. ಮಂಡಪದ ಹಿಂದೆ, ಕಟ್ಟಿಗೆ ಒಟ್ಟಿದ ಮರೆಯಲ್ಲಿ ಕುಳಿತು, ಗುಳಿಗೆ ನುಂಗಿ, ಯಾರೂ ನೋಡದ ಹಾಗೆ ತಿಂದು ಮುಗಿಸುತ್ತಿದ್ದೆ. ಒಂದು ಮದುವೆಯಲ್ಲಿ ಕೈತೊಳೆಯಲು ನೀರು ಹುಡುಕುತ್ತ ಬಂದ ಬೀಗರ ಪೈಕಿಯವನೊಬ್ಬ ನನ್ನನ್ನು ನೋಡಿಬಿಟ್ಟ.

ಅವನು ನೆಟ್ಟಗೆ ಹೋಗಿ ಪಂಗತಿಯ ಮೊದಲನೆಯವನ ಕಿವಿಯಲ್ಲಿ ಹೇಳಿದ. ಮಾತು ಸಾಲಿನುದ್ದಕ್ಕೂ ಹೋಯಿತು. ಹೋದಲ್ಲೆಲ್ಲ ಕೈಗಳು ನಿಂತವು. ಹುಗ್ಗಿ ಬಡಿಸುವವರು ಹುಗ್ಗಿ ಹಿಡಿದುಕೊಂಡೇ ನಿಂತರು. ಹೆಣ್ಣಿನ ತಂದೆ ಬೆವರುತ್ತ ನನ್ನ ಹತ್ತಿರ ಬಂದರು.

"ಆಚಾರೇರ, ನೀವ ಮಾಡಿದ ಅಡಿಗಿ ನೀವ ಯಾಕ ಉಣವಲ್ರಿ? ಏನರೆ ಬಿದ್ದೈತೇನು ಅದ್ರಾಗ?"

ಬಾಯಿಗೆ ಬಂದದ್ದನ್ನು ಹೇಳಿದೆ. "ಏನಿಲ್ರಿ, ಸೋಮವಾರ ವ್ರತಾ ಹಿಡದೀನಿ. ನನ್ನದ ಪಥ್ಯ ಬ್ಯಾರೆ."

"ಇವತ್ತ ಮಂಗಳವಾರ ಐತಿ."

"ನಿನ್ನಿ ಕೆಲಸದಾಗ ಆಗಲಿಲ್ರಿ. ಅದಕ್ಕ ಇವತ್ತ ಹಿಡದೀನಿ."

ಅವರು ನಂಬಿದರೋ ಇಲ್ಲವೋ, ಪಂಗತಿಯ ಮುಂದೆ ನಿಂತು ತಾವೇ ಒಂದು ತಟ್ಟೆ ಉಂಡು ತೋರಿಸಿದರು. ಊಟ ಮುಂದುವರಿಯಿತು. ಆದರೆ ಸುದ್ದಿ ನನಗಿಂತ ಮೊದಲು ಮನೆ ಮುಟ್ಟಿತ್ತು. ಸನಮಡಿಯ ಒಂದು ಮದುವೆಯವರು ಬೇರೆ ಆಚಾರಿ ಸಿಕ್ಕಿದ್ದಾನೆ ಎಂದು ಫೋನ್ ಮಾಡಿದರು. ಮತ್ತೊಬ್ಬರು ಫೋನನ್ನೂ ಮಾಡಲಿಲ್ಲ. ಮೂರನೆಯವರು ಮಾತ್ರ ಹಳೆಯ ಪರಿಚಯ ಬಿಡದೆ ಫೋನ್ ಮಾಡಿ ಕೇಳಿದರು: "ನಮ್ಮ ಮಗಳ ಮದುವಿ ಬುಧವಾರ ಐತ್ರಿ. ಅವತ್ತೂ ನಿಮ್ಮದ ಸೋಮವಾರ ಇರತದೇನು?"

ಮೊದಲ ತುತ್ತು

ಆಗ ನಿಜವಾಗಿ ಹೆದರಿದೆ. ನನಗೆ ಬೇರೆ ಕಸುಬು ಬರುವುದಿಲ್ಲ. ಉಳಿದಿದ್ದ ದೊಡ್ಡ ಕೆಲಸ ಒಂದೇ, ತಿಕೋಂಡಿ ಕಡೆಯ ದಾಳಿಂಬೆ ತೋಟದ ಸಾವಕಾರರ ಮನೆಯ ಮದುವೆ. ಅವರು ಬೇಡ ಅನ್ನಲಿಲ್ಲ. ಕರೆಸಿ, ಕುಂದ್ರಿಸಿ, ಚಹಾ ಕೊಟ್ಟು ಹೇಳಿದರು: "ಮಂದಿ ಏನೇನರೆ ಮಾತಾಡತಾರ. ನನಗ ನಿಮ್ಮ ಮ್ಯಾಲ ಭರವಸಾ ಐತಿ. ಆದ್ರ ಪಂಗತಿ ಕುಂತ ಮ್ಯಾಲ ಮೊದಲ ತುತ್ತ ನೀವ ಉಣಬೇಕು, ಎಲ್ಲಾರ ಮುಂದ."

ಮನೆಗೆ ಬಂದು ಹೆಂಡತಿಗೆ ಹೇಳಿದೆ. "ಉಂಡ್ರ ಮತ್ತ ರಕ್ತ ಬೀಳತದ, ಉಣದಿದ್ರ ಹೊಟ್ಟಿಮ್ಯಾಲ ಹೊಡತ ಬೀಳತದ" ಅಂದೆ. ಅವಳು ಡಬ್ಬಿ ತಿಕ್ಕುತ್ತ ಕುಳಿತಿದ್ದಳು.

ಮದುವೆಯ ದಿನ ಬಂತು. ಅಕ್ಷತೆ ಬಿತ್ತು, ಪಂಗತಿ ಕುಳಿತಿತು. ಸಾವಕಾರರು ತಾವೇ ನನ್ನ ಮುಂದೆ ತಟ್ಟೆ ಇಟ್ಟರು. ರೊಟ್ಟಿ, ಕೆಂಪಗೆ ಎಣ್ಣೆ ಬಿಟ್ಟ ಎಣ್ಣೆಗಾಯಿ, ಶೇಂಗಾ ಚಟ್ನಿ, ಬಿಸಿ ಭಜಿ. ನಾನೇ ಮಾಡಿದ್ದು, ವಾಸನೆಗೆ ಬಾಯಲ್ಲಿ ನೀರು ಬಂತು. ಮಂದಿಯೆಲ್ಲ ಕೈ ತಟ್ಟೆಯ ಮೇಲೆ ಹಿಡಿದು ನನ್ನ ಬಾಯಿಯನ್ನೇ ನೋಡುತ್ತಿದ್ದರು.

ನಾನು ರೊಟ್ಟಿ ಮುರಿದೆ. ಅಷ್ಟರಲ್ಲಿ ಹೆಂಡತಿ ಬಂದಳು. ನನ್ನ ಕೈಯಿಂದ ರೊಟ್ಟಿ ತಗೊಂಡು, ಡಬ್ಬಿಯನ್ನು ಎಲ್ಲರೆದುರು ನನ್ನ ತಟ್ಟೆಯ ಪಕ್ಕಕ್ಕಿಟ್ಟು ಮುಚ್ಚಳ ತೆಗೆದಳು.

"ಇವರ ಕರಳಾಗ ಹುಣ್ಣ ಐತ್ರಿ. ಖಾರ ತಿಂದ್ರ ದವಾಖಾನಿ ಸೇರತಾರ. ಇಷ್ಟ ವರ್ಷ ನೀವೆಲ್ಲಾ ಉಂಡ ಅಡಿಗಿಯ ರುಚಿ ನೋಡಿದಾಕಿ ನಾನ. ಮೊದಲ ತುತ್ತ ನಾ ಉಣತೀನಿ." ಹಾಗೆಂದು ಎಣ್ಣೆಗಾಯಿಯಲ್ಲಿ ರೊಟ್ಟಿ ಅದ್ದಿ ತಿಂದಳು.

ನನ್ನ ಕಥೆ ಮುಗಿಯಿತು ಎಂದುಕೊಂಡೆ. ಆಗ ಸಾಲಿನಲ್ಲಿ ಕುಳಿತಿದ್ದ ಸಾವಕಾರರ ಅಪ್ಪ, ಬಾಯಲ್ಲಿ ಒಂದೂ ಹಲ್ಲಿಲ್ಲದ ಮುದುಕರು, ಕುತ್ತಿಗೆ ಚಾಚಿ ನನ್ನನ್ನು ಕೇಳಿದರು.

"ಆ ಡಬ್ಬ್ಯಾಗ ಏನೈತಿ?"

"ಮೆತ್ತನ ಅನ್ನರಿ, ಹೆಸರಬ್ಯಾಳಿ, ಸೋರಿಕಾಯಿ. ಚೂರ ತುಪ್ಪ."

"ಬಾಯಾಗ ಕರಗತದೇನು?"

"ಕರಗತದ್ರಿ."

ಮುದುಕರು ಮಗನ ಕಡೆ ತಿರುಗಿದರು. "ಇಂಥಾದ್ದ ಮಾಡಾಂವ ತಾಲೂಕಿನಾಗ ಇದ್ದೂ ನನಗ ದಿನಾ ರೊಟ್ಟಿ ಹಾಕತೀರಿ?" ತಮ್ಮ ತಟ್ಟೆಯನ್ನು ನನ್ನ ಕಡೆ ನೂಕಿದರು.

ನಾನು ಬಡಿಸಿದೆ. ಅವರು ಉಣ್ಣುವುದನ್ನು ನೋಡಿ ಬೀಗರು ತಮಗೆ ಪಿತ್ತ ಇದೆ ಅಂದರು. ಅವರ ಪಕ್ಕದವರು ಮೂಲವ್ಯಾಧಿಯ ಮಾತನ್ನು ನನ್ನ ಕಿವಿಯಲ್ಲಿ ಹೇಳಿದರು. ಡಬ್ಬಿ ಬರಿದಾಯಿತು. ಮತ್ತೆ ಒಲೆಯ ಮೇಲೆ ಒಂದು ಪಾತೇಲಿ ಇಡಬೇಕಾಯಿತು. ಅದು ಇಳಿಯುವಾಗ ಸಾವಕಾರರೇ ತಟ್ಟೆ ಹಿಡಿದು ನಿಂತಿದ್ದರು. "ನನಗೂ ಎದಿ ಉರಿತದ್ರಿ. ಖಾರ ಒಲ್ಲೆ ಅಂದ್ರ ಮಂದಿ ಗಂಡಸ ಅಲ್ಲ ಅಂತಾರ ಅಂತ ಸುಮ್ನ ಉಣತಿದ್ದೆ." ನನ್ನ ಕಣ್ಣಲ್ಲಿ ನೀರು ಬಂತು. ಹೊಗೆ ಎಂದು ಹೇಳಿ ಒರೆಸಿಕೊಂಡೆ.

ಈಗ ಕೈತುಂಬ ಕೆಲಸ. ಎಲ್ಲಿ ಕರೆದರೂ ಎಣ್ಣೆಗಾಯಿ, ಹುಗ್ಗಿಯ ಜೊತೆಗೆ "ಒಂದ ಪಾತೇಲಿ ಡಬ್ಬಿ ಊಟಾನೂ ಇರಲಿ" ಅನ್ನುತ್ತಾರೆ. ಮೊನ್ನೆ ಗುಡ್ಡಾಪುರದಲ್ಲಿ ಒಂದು ಮದುವೆ. ಕೊನೆಯ ಪಂಗತಿ ಎದ್ದ ಮೇಲೆ ಹಸಿದು ತಟ್ಟೆ ಹಿಡಿದುಕೊಂಡು ಹೋದೆ. ಪಾತೇಲಿಯ ತಳ ಮಿಂಚುತ್ತಿತ್ತು. ಯಜಮಾನರು ಭುಜದ ಮೇಲೆ ಕೈ ಹಾಕಿ ಬಹಳ ಪ್ರೀತಿಯಿಂದ ಹೇಳಿದರು: "ಡಬ್ಬಿ ಊಟ ಮೊದಲನೇ ಪಂಗತಿಗೇನ ತೀರಿತ್ರಿ ಆಚಾರೇರ. ನೀವ ಎಣ್ಣಿಗಾಯಿ ಉಣ್ರಿ, ಭಾಳ ಚಲೋ ಆಗೇತಿ."

ಅಂದಿನಿಂದ ಮತ್ತೆ ಮನೆಯಿಂದಲೇ ಡಬ್ಬಿ ಒಯ್ಯುತ್ತೇನೆ. ಮತ್ತೆ ಅದೇ ಕಟ್ಟಿಗೆಯ ಮರೆ. ಹೆಂಡತಿ ಆಚೆ ನಿಂತು ಕಾಯುತ್ತಾಳೆ, ಯಾರಾದರೂ ಬಂದರೆ ಸೆರಗು ಸರಿಪಡಿಸಿಕೊಳ್ಳುತ್ತಾಳೆ. ಮೊದಲು ಡಬ್ಬಿ ನೋಡಿದರೆ ಮಂದಿ ಊಟ ಬಿಟ್ಟು ಏಳುತ್ತಾರೆ ಎಂದು ಬಚ್ಚಿಡುತ್ತಿದ್ದೆ. ಈಗ ಡಬ್ಬಿ ನೋಡಿದರೆ ಪಕ್ಕದಲ್ಲಿಯೇ ಕುಳಿತುಬಿಡುತ್ತಾರೆ ಎಂದು ಬಚ್ಚಿಡುತ್ತೇನೆ.