ಕೆಂಪು ಕಾರಿಗೆ ನಾನು ಮಾಡಿಸಿದ ಸಣ್ಣಪುಟ್ಟ ಸುಧಾರಣೆಗಳು

ಹಳೇ ಕಾಲದ ಸ್ಪೋರ್ಟ್ಸ್ ಕಾರುಗಳ ನಕಲಿಗೆ ಬೆಲೆ ಏರುತ್ತಿದೆ ಎಂಬ ವಿಡಿಯೊ ನೋಡಿದ್ದೇ ತಡ, ನನ್ನೊಳಗಿನ ವ್ಯಾಪಾರಿ ಎದ್ದು ಕೂತ. ಅಸಲಿ ಕಾರು ಯಾರ ಕೈಗೂ ಎಟುಕುತ್ತಿಲ್ಲವಂತೆ, ಅದಕ್ಕೇ ಜನ ನಕಲಿಗೆ ಮುಗಿಬಿದ್ದಿದ್ದಾರಂತೆ! ಆವರಗೆರೆಯಲ್ಲಿ ಸೈಟು ಕೊಳ್ಳಲು ಇಟ್ಟಿದ್ದ ದುಡ್ಡನ್ನು ಹರಿಹರದ ಬಾಬಾಜಾನ್ ಮೇಸ್ತ್ರಿಯ ಗ್ಯಾರೇಜಿಗೆ ಸುರಿದೆ. ಇಬ್ಬರೇ ಕೂರುವ, ತಲೆ ಮೇಲೆ ಸೂರಿಲ್ಲದ, ಉದ್ದ ಮೂತಿಯ ಕೆಂಪು ಕಾರು ತಯಾರಾಯಿತು.

"ಎರಡು ವರ್ಷ ತಡಿ ಗಿರಿಜಾ. ಇದನ್ನ ಮಾರಿ ಮೂಲೆ ಸೈಟೇ ಕೊಡಿಸ್ತೀನಿ. ಸೈಟೇನು ಓಡಿ ಹೋಗ್ತೈತಾ?"

"ಸೈಟು ಓಡಲ್ಲ ಬಿಡ್ರಿ. ಈ ಕಾರಾದ್ರೂ ಓಡ್ತೈತಾ?" ಎಂದಳು ಹೆಂಡತಿ.

ಓಡಿತು! ಸರಸ್ವತಿ ನಗರದ ನಮ್ಮ ಮನೆಯಿಂದ ಮೊದಲ ರೋಡ್ ಹಂಪಿನವರೆಗೆ. ಅಲ್ಲಿ ಹೊಟ್ಟೆ ತಾಗಿ ಕೂತುಬಿಟ್ಟಿತು. ದಾರಿಹೋಕರು ಎತ್ತಿ ಆಚೆ ಇಟ್ಟರು.

ಮೇಸ್ತ್ರಿಗೆ ಫೋನ್ ಮಾಡಿದೆ. "ಒಂಚೂರು ಎತ್ತರ ಮಾಡಾಣ ಬಿಡ್ರಿ ಸಾಹೇಬ್ರೆ, ನಮ್ ರೋಡಿಗೆ ತಕ್ಕಂಗೆ" ಎಂದರು.

ಎತ್ತರವಾಯಿತು. ಆದರೆ ಮೂತಿ ಹೊರಗುಳಿದು ಮನೆಯ ಗೇಟು ಮುಚ್ಚಲಿಲ್ಲ. ಮೂತಿಯನ್ನು ಗೇಣುದ್ದ ಕತ್ತರಿಸಿದ್ದಾಯಿತು. ಅಷ್ಟರಲ್ಲಿ ಬರುವ ಅಮಾವಾಸ್ಯೆಗೆ ದೇವರ ದರ್ಶನಕ್ಕೆ ಉಕ್ಕಡಗಾತ್ರಿಗೆ ಹೋಗಬೇಕೆಂದು ನಮ್ಮತ್ತೆ ಪಟ್ಟು ಹಿಡಿದರು.

"ನಮ್ಮವ್ವ ಎಲ್ಲಿ ಕೂಡ್ರಬೇಕು? ನಿಮ್ಮ ತೊಡಿ ಮ್ಯಾಲಾ?" ಗಿರಿಜಾ ಕೇಳಿದಳು.

ಡಿಕ್ಕಿ ಇದ್ದಲ್ಲಿ ಸೀಟು ಬಂತು. ಅತ್ತೆಗೆ ಬಿಸಿಲಾಗದು, ರೆಕ್ಸಿನ್ ಟಾಪು ಬಂತು. ಬುತ್ತಿಗಂಟು ಇಡಲು ಟಾಪಿನ ಮೇಲೆ ಕಬ್ಬಿಣದ ಕ್ಯಾರಿಯರ್ ಬಂತು. ಇಷ್ಟೆಲ್ಲ ಸುಧಾರಿಸಿದ ಮೇಲೆ ಬೆಲೆ ಇನ್ನೂ ಏರಿಯೇ ತೀರುತ್ತದೆಂದು ನಾನು ಹಿಗ್ಗಿಹೋಗಿ, ಎರಡು ವರ್ಷ ಕಾಯದೆ ಮಾರಾಟದ ಜಾಹೀರಾತನ್ನೂ ಹಾಕಿಬಿಟ್ಟೆ.

ಅಮಾವಾಸ್ಯೆಯ ಬೆಳಿಗ್ಗೆಯೇ ಹುಬ್ಬಳ್ಳಿಯಿಂದ ಗಿರಾಕಿ ಬಂದರು. ಕಾರನ್ನು ಸುತ್ತು ಹಾಕಿದರು. ಮೊಬೈಲಿನಲ್ಲಿದ್ದ ಅಸಲಿ ಕಾರಿನ ಚಿತ್ರ ನೋಡಿದರು, ನನ್ನ ಕಾರು ನೋಡಿದರು, ಮತ್ತೆ ಚಿತ್ರ ನೋಡಿದರು.

"ಬಣ್ಣ ಹೊಂದತೈತ್ರಿ" ಎಂದರು, ಸಂಕೋಚದಿಂದ. "ನಕಲಿಗೆ ಈಗ ಭಾರೀ ರೇಟು. ಆದ್ರ ಇದು ಯಾವುದರ ನಕಲೂ ಅಲ್ರಿ. ಪ್ರಪಂಚದಾಗ ಇಂಥಾದ್ದು ಇದೊಂದೇ!"

ಕೊಟ್ಟ ಮಂಡಕ್ಕಿ ತಿಂದು, ಕೈಮುಗಿದು ಹೋದರು. ನಕಲಿ ಮಾಡಿಸಲು ಹೊರಟು ಅಸಲಿ ಮಾಡಿಸಿದ ಮಹಾನುಭಾವ ನಾನು! ಗಿರಿಜಾಳ ಮುಖ ನೋಡಲು ನಾಚಿಕೆಯಾಯಿತು.

"ಹಂಗ್ಯಾಕ ನಿಂತೀರಿ? ಅವ್ವ ಆಗ್ಲೇ ಹತ್ತಿ ಕುಂತಾಳೆ. ನಡೀರಿ" ಎಂದಳು.

ಹೊರಟೆವು. ಹಂಪುಗಳನ್ನು ಕಾರು ಸಲೀಸಾಗಿ ದಾಟಿತು. ಹಿಂದೆ ಅತ್ತೆ ನೆರಳಲ್ಲಿ ತೂಕಡಿಸುತ್ತಿದ್ದರು, ಹೊಳೆಯ ಕಡೆಯಿಂದ ತಣ್ಣನೆ ಗಾಳಿ ಬೀಸುತ್ತಿತ್ತು. ಸುಳ್ಳೇಕೆ ಹೇಳಲಿ, ಮನಸ್ಸಿಗೆ ಹಿತವಾಗಿತ್ತು.

ಹರಿಹರ ದಾಟುವಾಗ ಅಜ್ಜಿಯೊಬ್ಬರು ಕೈ ಅಡ್ಡ ಹಾಕಿದರು. "ಉಕ್ಕಡಗಾತ್ರಿಗಾ? ಸೀಟಿಗೆ ಎಷ್ಟಪ್ಪಾ?"

ನನ್ನ ಕಾರಿಗೆ ಕೊನೆಗೂ ಒಬ್ಬರು ರೇಟು ಕೇಳಿದ್ದರು!

ಅತ್ತೆ ಸರಿದು ಜಾಗ ಕೊಟ್ಟರು. ನಾನು ಬ್ಯಾಡ ಬ್ಯಾಡ ಅಂದರೂ ಅಜ್ಜಿ ಇಪ್ಪತ್ತು ರೂಪಾಯಿ ಮುಂದೆ ಚಾಚಿದರು. ಗಿರಿಜಾ ಅದನ್ನು ಕಣ್ಣಿಗೊತ್ತಿಕೊಂಡು ಪರ್ಸಿನಲ್ಲಿಟ್ಟಳು.

"ಮೂಲೆ ಸೈಟಿಗೆ ಬೋಣಿ ಆತು ನೋಡ್ರಿ!"