ಎಮ್ಮೆ ಮೆಚ್ಚಿದ ಉರುವಲು

ಗಂಗಾವತಿಯಲ್ಲಿ ನನ್ನದೊಂದು ಪಾತ್ರೆ ಅಂಗಡಿ. ಇಷ್ಟು ವರ್ಷ ಪಾತ್ರೆ ಮಾರಿದವನು, ಪಾತ್ರೆಯ ಕೆಳಗೆ ಉರಿಯುವುದನ್ನೂ ಏಕೆ ಮಾರಬಾರದು ಎಂಬ ದಿವ್ಯಜ್ಞಾನ ಒಂದು ತರಬೇತಿ ಶಿಬಿರದಲ್ಲಿ ಉಂಟಾಯಿತು. ಹೊಟ್ಟು, ಸಿಪ್ಪೆ, ಕಟ್ಟಿಗೆ ಪುಡಿ ಸೇರಿಸಿ ಒತ್ತಿದರೆ ಉರುವಲಿನ ಇಟ್ಟಿಗೆ! ಕಸದಿಂದ ಬೆಂಕಿ! ಊಟದ ನಂತರದ ಉಪನ್ಯಾಸಕ್ಕೆ ನಾನು ಕೂರಲಿಲ್ಲ. ಉದ್ಯಮಿಗೆ ಪುರುಸೊತ್ತೆಲ್ಲಿ?

ಮನೆಗೆ ಬಂದವನೇ ಹೆಂಡತಿ ಗಿರಿಜಾಳಿಗೆ ಘೋಷಿಸಿದೆ, "ನಾಳಿಂದ ನಾ ಉದ್ಯಮಿ!"

"ಹಂಗಾರ ಅಂಗಡಿ ಯಾರ ನೋಡ್ತಾರ್ರಿ?"

"ನೀ ನೋಡು."

"ಈಗ್ಲೂ ನಾನ ನೋಡಾಕತ್ತೀನಿ. ಫರಕ ಏನೂ ಆಗಂಗಿಲ್ಲ ಬಿಡ್ರಿ."

ದೊಡ್ಡ ಯಂತ್ರ ನನ್ನ ಕೈಗೆಟುಕುವಂತಿರಲಿಲ್ಲ. ವೆಲ್ಡಿಂಗ್ ಅಂಗಡಿಯಲ್ಲಿ ಕೈಯಿಂದ ಒತ್ತುವ ಅಚ್ಚೊಂದನ್ನು ಮಾಡಿಸಿದೆ. ಮರಳಿ ಕಡೆಯಿಂದ ಭತ್ತದ ಹೊಟ್ಟು, ಗೊಂಬೆ ಮಾಡುವ ಕಿನ್ನಾಳದಿಂದ ಕಟ್ಟಿಗೆ ಪುಡಿ, ಕುಷ್ಟಗಿಯಿಂದ ಶೇಂಗಾ ಸಿಪ್ಪೆ. ಇಡೀ ಜಿಲ್ಲೆಯೇ ನಮ್ಮ ಹಿತ್ತಲಲ್ಲಿ ಸಭೆ ಸೇರಿತು! ಆದರೆ ಅಚ್ಚಿನಿಂದ ತೆಗೆದ ಇಟ್ಟಿಗೆ ಕೈಯಲ್ಲೇ ಉದುರಿ ಹೋಯಿತು. ಅಂಟು ಬೇಕೆಂದು ಅನ್ನದ ಗಂಜಿಗೆ ಬೆಲ್ಲ ಕಲಸಿ ಸುರಿದೆ. ಈಗ ಇಟ್ಟಿಗೆ ಕಲ್ಲಿನಂತೆ ನಿಂತಿತು! ಬಿಸಿಲಿಗೆ ಸಾಲಾಗಿ ಒಣಹಾಕಿ, "ಜ್ವಾಲಾ ಸಾಮ್ರಾಟ" ಎಂದು ಹೆಸರಿಟ್ಟು, ವಿಸಿಟಿಂಗ್ ಕಾರ್ಡನ್ನೂ ಹೊಡೆಸಿಬಿಟ್ಟೆ.

ಮರುದಿನ ನೋಡಿದರೆ ಅರ್ಧ ಸಾಮ್ರಾಜ್ಯವೇ ಮಾಯ! ಪಕ್ಕದ ಮನೆಯ ಭೀಮವ್ವ ಮುಖ ಅರಳಿಸಿಕೊಂಡು ಬಂದಳು.

"ಅಣ್ಣಾರ, ನಿಮ್ಮ ಹಿಂಡಿ ಭಾಳ ಛಲೋ ಐತ್ರಿ! ರಾತ್ರಿ ನಮ್ಮ ಎಮ್ಮಿ ನಿಮ್ಮ ಹಿತ್ತಲಿಗೆ ಬಂದು ತಿಂದೈತಿ, ಈಗ ಮನಿ ಮೇವು ಮೂಸಿ ಸುದ್ದಾ ನೋಡವಲ್ದು. ಒಂದು ಚೀಲ ಕೊಡ್ರಿ."

"ಅದು ಹಿಂಡಿ ಅಲ್ಲಬೇ, ಉರುವಲ!"

"ಹೌದಾ? ಹಂಗಾರ ಎಮ್ಮಿಗೆ ಹೇಳ್ರಿ."

ಎಮ್ಮೆಗೆ ಹೇಳಿದೆ. ಕೇಳಲಿಲ್ಲ. ಹಗ್ಗ ಹರಿದುಕೊಂಡು ಮತ್ತೆ ಬಂತು. ಆಗ ಹೊಳೆಯಿತು ನೋಡಿ ಉಪಾಯ! ಒಣಮೆಣಸಿನಕಾಯಿ ವ್ಯಾಪಾರಿಯ ಗೋದಾಮಿನಿಂದ ತೊಟ್ಟು, ಪುಡಿ, ಬೀಜ ಗುಡಿಸಿ ತಂದು ಹೊಸ ಇಟ್ಟಿಗೆಗಳಿಗೆ ಧಾರಾಳವಾಗಿ ಬೆರೆಸಿದೆ. ಎಮ್ಮೆ ಮೂಸಿತು, ಸೀನಿತು, ನನ್ನನ್ನೊಮ್ಮೆ ದಿಟ್ಟಿಸಿ ಹೊರಟುಹೋಯಿತು. ನಾನು ಹಿತ್ತಲಲ್ಲೇ ಕುಣಿದೆ!

"ಸುಟ್ರ ಘಾಟ ಬರಂಗಿಲ್ಲೇನ್ರಿ?" ಎಂದಳು ಗಿರಿಜಾ.

"ಖಾರೆಲ್ಲ ಬಿಸಲಿಗೆ ಹಾರಿ ಹೋಗಿರ್ತೈತಿ. ನಿನಗ ವಿಜ್ಞಾನ ತಿಳಿಯಂಗಿಲ್ಲ."

ಒಂದನ್ನಾದರೂ ಸುಟ್ಟು ನೋಡಬಹುದಿತ್ತು. ಆದರೆ ಮಾರುವ ಸರಕನ್ನು ಯಾರಾದರೂ ಸುಡುತ್ತಾರೆಯೇ?

ಅಷ್ಟರಲ್ಲಿ ಯಲಬುರ್ಗಾ ಕಡೆಯ ಮಂಗಳೂರಿನಲ್ಲಿ ಗಿರಿಜಾಳ ತಮ್ಮ ವೀರೇಶನ ಮಗಳ ಮದುವೆ ಬಂತು. ಬೀಗರ ಕಡೆಯವರೆಲ್ಲ ಖಾನಾವಳಿ, ಹೋಟೆಲು ಇಟ್ಟವರು. ಇದಕ್ಕಿಂತ ದೊಡ್ಡ ಮಾರುಕಟ್ಟೆ ಎಲ್ಲಿ ಸಿಕ್ಕೀತು? "ಕಟ್ಟಿಗಿ ತರಬ್ಯಾಡ ವೀರೇಶಾ, ಅಡಿಗಿ ಪೂರ್ತಿ ನಮ್ಮ ಇಟ್ಟಿಗಿ ಮ್ಯಾಲ!" ಎಂದೆ.

"ನೀವು ಅದೀರಿ ಅಂದಮ್ಯಾಲ ನನಗ ಚಿಂತಿ ಇಲ್ಲ ಮಾಮಾ," ಎಂದ ಪಾಪ.

ಮುಹೂರ್ತದ ಹೊತ್ತಿಗೆ ಹಂದರದ ಹಿಂದೆ ದೊಡ್ಡ ಒಲೆಗಳು ಹೊತ್ತಿಕೊಂಡವು. ಏನು ಜ್ವಾಲೆ! ಅಡಿಗೆಯವನು ಶಹಬ್ಬಾಸ್ ಅಂದ. ನಾನು ಕಿಸೆಯಿಂದ ಕಾರ್ಡು ತೆಗೆದೆ. ಗಾಳಿ ಹಂದರದ ಕಡೆ ತಿರುಗಿತು.

ಮೊದಲು ಸನಾದಿ ಊದುವವನು ಸೀನಿದ. ಸನಾದಿಯಿಂದ ಅಂಥ ಸ್ವರ ಆ ಊರಿನವರು ಕೇಳಿರಲಿಲ್ಲ. ಅಯ್ಯನವರ ಮಂತ್ರ ಕೆಮ್ಮಿನಲ್ಲಿ ಮುಳುಗಿತು. ಮದುಮಗನ ಕಣ್ಣಲ್ಲಿ ಧಾರಾಕಾರ ನೀರು.

"ಹುಡುಗಿ ಅಳೂದು ರೂಢಿ. ಈ ಹುಡುಗ ಯಾಕ ಅಳಾಕತ್ತಾನ?" ಎಂದಳು ಯಾವುದೋ ಅಜ್ಜಿ.

ಜನ ಕಣ್ಣು ಮುಚ್ಚಿಕೊಂಡೇ ಅಕ್ಷತೆ ಎಸೆದರು. ಅರ್ಧ ನನ್ನ ಮೇಲೆ ಬಿತ್ತು. ತಾಳಿ ಕಟ್ಟಿದ್ದೇ ತಡ, ಹಂದರ ಖಾಲಿ! ವೀರೇಶ ಒಲೆಗಳಿಗೆ ಕೊಡಗಟ್ಟಲೆ ನೀರು ಸುರಿದ. ಹೊಗೆ ಇಮ್ಮಡಿಯಾಯಿತು. ಹುಡುಗನ ತಂದೆ ಊಟವೂ ಬೇಡವೆಂದು ಟೆಂಪೋ ಹತ್ತಲು ಹೊರಟರು. ನಾನು ಓಡಿಹೋಗಿ ಕೈಮುಗಿದೆ.

"ಬೀಗರ, ತಪ್ಪು ನಂದು. ಹುಡುಗೀದು ಏನೂ ಇಲ್ರಿ."

ಅವರು ಬಾಯಿ ತೆರೆಯುವ ಮೊದಲೇ ಮದುಮಗಳು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ಬಂದಳು. "ಮಾವಾರ, ತವರು ಬಿಡೂ ಮುಂದ ನಾ ಒಬ್ಬಾಕಿನ ಅಳಬೇಕಾಗಿತ್ತು. ನೋಡ್ರಿ, ಊರಿಗೆ ಊರ ಅಳಾಕತ್ತೈತಿ!" ಎಂದು ನಕ್ಕೇಬಿಟ್ಟಳು. ಬೀಗರಿಗೂ ನಗು ತಡೆಯಲಾಗಲಿಲ್ಲ. ನಗು, ಕೆಮ್ಮು ಎರಡೂ ಕೂಡಿಯೇ ಬಂದವು. ಓಣಿಯವರೆಲ್ಲ ತಮ್ಮ ಮನೆಯ ಕಟ್ಟಿಗೆ ತಂದುಕೊಟ್ಟರು. ಮಧ್ಯಾಹ್ನದ ಊಟ ದೀಪ ಹಚ್ಚುವ ಹೊತ್ತಿಗೆ ಆಯಿತು.

ಊಟ ಮುಗಿಸಿದ ಇಬ್ಬರು ರೈತರು, "ಆ ಇಟ್ಟಿಗಿ ಮಾಡಿದವ್ರು ಯಾರ್ರಿ?" ಎಂದು ಹುಡುಕುತ್ತ ಬಂದರು. ನಾನು ಕಂಬದ ಹಿಂದೆ ಸರಿದೆ. ಗಿರಿಜಾ ರಟ್ಟೆ ಹಿಡಿದು ಎಳೆದು ತಂದಳು.

"ನಮ್ಮ ಹೊಲಕ್ಕ ಕಾಡಹಂದಿ ಕಾಟ ಭಾಳ ಆಗೈತ್ರಿ. ಇಂಥಾದ ಹೊಗಿ ಬೇಕಾಗಿತ್ತು. ಎಷ್ಟರ ಮಾಡಿದ್ರೂ ನಾವು ಒಯ್ತೀವಿ!"

ಈಗ ನನ್ನ ಜ್ವಾಲಾ ಸಾಮ್ರಾಟ ಯಾವ ಒಲೆಗೂ ಹೋಗುವುದಿಲ್ಲ. ಹೊಲದ ಬದುವಿಗೆ ಹೋಗುತ್ತಾನೆ. ಬೇಡಿಕೆಯೋ ವಿಪರೀತ! ನಿನ್ನೆಯೂ ಫೋನು ಬಂತು. ಗಿರಿಜಾ ಎತ್ತಿದಳು. ಆ ಕಡೆಯ ದನಿ ನನಗೂ ಕೇಳುವಷ್ಟು ಜೋರಾಗಿತ್ತು.

"ಹಂದಿ ಓಡಸೋರ ಮನಿ ಹೌದಲ್ರಿ?"

"ಹೌದ್ರಿ," ಎಂದಳು ಗಿರಿಜಾ, ನನ್ನತ್ತ ನೋಡುತ್ತ. "ಮಂದೀನೂ ಓಡಸ್ತಾರ."